ಪ್ರಿಂಟರ್ ಕೆಟ್ಟಿಲ್ಲ, ದಾರಿ ಕಟ್ಟಾಗಿದೆ

ಪ್ರಶ್ನೆ: ನಮ್ಮದು ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಮಹಡಿ ಮನೆ. ಕೆಳಗಿನ ರೂಮಿನಲ್ಲಿ ಯಜಮಾನರ ಕಂಪ್ಯೂಟರ್ ಇದೆ, ವಿಂಡೋಸ್ 10. ಅಕ್ಕಿ ವ್ಯಾಪಾರದ ಬಿಲ್ಲು, ಟ್ಯಾಲಿ ಎಲ್ಲ ಅದರಲ್ಲೇ. ಹಳೇ ಲೇಸರ್ ಪ್ರಿಂಟರನ್ನು ಯುಎಸ್‌ಬಿ ಕೇಬಲ್ಲಿನಲ್ಲಿ ಅದಕ್ಕೆ ಹಾಕಿ ಶೇರ್ ಮಾಡಿದ್ದೇವೆ. ಮೇಲೆ ಮಗಳ ಲ್ಯಾಪ್‌ಟಾಪ್, ವಿಂಡೋಸ್ 11. ಎರಡು ವರ್ಷ ಏನೂ ತೊಂದರೆ ಇರಲಿಲ್ಲ. ದಸರಾ ಹೊತ್ತಿಗೆ ಇಂಟರ್ನೆಟ್‌ನವರು ಹೊಸ ಮೋಡೆಮ್ ಕೊಟ್ಟರು. ಅದರ ಸಿಗ್ನಲ್ ಮಹಡಿಗೆ ಸಿಗದ ಕಾರಣ ಹಳೇ ರೂಟರನ್ನು ಕೇಬಲ್ ಎಳೆದು ಮೇಲೆ ಇಟ್ಟೆವು. ಆಯುಧ ಪೂಜೆಗೆ ಟೇಬಲ್ ಸರಿಸಿ, ಎಲ್ಲ ಒರೆಸಿ ಪೂಜೆ ಮಾಡಿದೆವು. ಆವತ್ತಿನಿಂದ ಶುರು. ಕೆಳಗಿನಿಂದ ಕೊಟ್ಟರೆ ಪ್ರಿಂಟ್ ಬರುತ್ತದೆ, ಮೇಲಿನಿಂದ ಕೊಟ್ಟರೆ ಒಮ್ಮೆ ಬರುತ್ತದೆ, ಒಮ್ಮೆ ‘ಆಫ್‌ಲೈನ್’ ಅನ್ನುತ್ತದೆ. ಕರೆಂಟ್ ಹೋಗಿ ಬಂದ ಮೇಲಂತೂ ಬರುವುದೇ ಇಲ್ಲ. ಪಟ್ಟಿಯಲ್ಲಿ ಒಂದೇ ಪ್ರಿಂಟರ್ ಎರಡು ಸಲ ಕಾಣುತ್ತದೆ. ಮೈದುನನ ಮಗ ಬಂದು ಕೆಳಗಿನ ಕಂಪ್ಯೂಟರಿನ ಫೈರ್‌ವಾಲ್ ಆಫ್ ಮಾಡಿ, 192.168 ಅಂತ ಏನೋ ನಂಬರ್ ಹಾಕಿ ಸೇರಿಸಿಕೊಟ್ಟ. ಆವತ್ತು ಬಂತು, ಮಾರನೇ ದಿನ ಇಲ್ಲ. ಈಗ ಪಾಸ್‌ವರ್ಡ್ ಕೇಳುತ್ತದೆ, ನಮ್ಮ ನಾಲ್ಕಂಕಿ ಪಿನ್ ಹಾಕಿದರೆ ತಪ್ಪು ಅನ್ನುತ್ತದೆ. ಒಂದೆರಡು ಸಲ ಕೊನೆಯಲ್ಲಿ 11ಬಿ ಎಂದಿರುವ ಎರರ್ ಬಂತು. ಪೂಜೆ ದಿನ ಒಳಗೆ ನೀರು ಹೋಗಿರಬೇಕು ಅಂತ ಅತ್ತೆಯವರಿಗೆ ಅನುಮಾನ. ಅಂಗಡಿಯವರು ಹೊಸ ವೈಫೈ ಪ್ರಿಂಟರ್ ತಗೊಳ್ಳಿ ಅಂತಾರೆ. ಏನು ಮಾಡಲಿ?

ಉತ್ತರ: ಮೇಡಂ, ಮೊದಲು ಒಂದು ಕೆಲಸ ಮಾಡಿ, ಆಮೇಲೆ ಮುಂದೆ ಓದಿ. ಕೆಳಗಿನ ಕಂಪ್ಯೂಟರಿನ ಫೈರ್‌ವಾಲನ್ನು ಈಗಲೇ ಆನ್ ಮಾಡಿ. ಹೊರಗಿನವರು ನೆಟ್‌ವರ್ಕಿನಿಂದ ಒಳಗೆ ನುಗ್ಗದಂತೆ ತಡೆಯುವ ಕಾವಲು ಅದು. ಸ್ಟಾರ್ಟ್ ಒತ್ತಿ ‘ವಿಂಡೋಸ್ ಸೆಕ್ಯುರಿಟಿ’ ಎಂದು ಹುಡುಕಿದರೆ ಅದರೊಳಗೆ ಸಿಗುತ್ತದೆ. ವ್ಯಾಪಾರದ ಲೆಕ್ಕ, ಜಿಎಸ್‌ಟಿ, ಬ್ಯಾಂಕಿನ ವಿವರ ಎಲ್ಲ ಇರುವ ಕಂಪ್ಯೂಟರ್ ಅದು. ಅದರ ಮೇಲೆ, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ವೈರಸ್ ಲೋಕವೆಲ್ಲ ಹಬ್ಬಿದ್ದು ನೆನಪಿರಬಹುದು. ಅದು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ನುಗ್ಗಿದ್ದು ಫೈಲ್ ಮತ್ತು ಪ್ರಿಂಟರ್ ಶೇರಿಂಗ್ ಬಳಸುವ ಬಾಗಿಲಿನಿಂದಲೇ. ಆ ಬಾಗಿಲಿಗೆ ಕಾವಲು ಬೇಕೇ ಬೇಕು. ಹುಡುಗ ಸಹಾಯಕ್ಕೇ ಬಂದ, ತಪ್ಪು ಹೇಳುತ್ತಿಲ್ಲ. ಆದರೆ ಪ್ರಿಂಟರ್ ಬರಲು ಫೈರ್‌ವಾಲ್ ಆಫ್ ಮಾಡಬೇಕಾಗಿಲ್ಲ. ಯಾಕೆಂದು ಮುಂದೆ ಹೇಳುತ್ತೇನೆ.

ಇನ್ನು ಅತ್ತೆಯವರ ಅನುಮಾನ. ಪ್ರಿಂಟರಿನೊಳಗೆ ನೀರು ಹೋಗಿದ್ದರೆ ಅದು ಮೇಲಿನವರಿಗೆ ಒಂದು, ಕೆಳಗಿನವರಿಗೆ ಒಂದು ಅಂತ ಭೇದ ಮಾಡುವುದಿಲ್ಲ. ಕೆಳಗಿನಿಂದ ಕೊಟ್ಟರೂ ಹಾಳೆ ಸಿಕ್ಕಿಕೊಳ್ಳಬೇಕಿತ್ತು, ಅಕ್ಷರ ಕಲೆಸಬೇಕಿತ್ತು, ಇಲ್ಲವೇ ಆನ್ ಆಗಲೇಬಾರದಿತ್ತು. ನಿಮ್ಮಲ್ಲಿ ಅಕ್ಷರ ಸ್ಪಷ್ಟವಾಗಿ ಬರುತ್ತಿದೆ. ಪ್ರಿಂಟರ್ ಚೆನ್ನಾಗಿದೆ. ಹೊಸದು ತಗೊಳ್ಳಿ ಎನ್ನುವ ಮಾತಿಗೂ ಇದೇ ಉತ್ತರ. ಆದರೂ ಅತ್ತೆಯವರು ದಿನವನ್ನು ಸರಿಯಾಗಿ ಹಿಡಿದಿದ್ದಾರೆ. ತೊಂದರೆ ಶುರುವಾದದ್ದು ಪೂಜೆ ದಿನವೇ, ಆದರೆ ನೀರಿನಿಂದಲ್ಲ. ಟೇಬಲ್ ಸರಿಸಿದಾಗ ಯುಎಸ್‌ಬಿ ಕೇಬಲ್ ಬಿಚ್ಚಿ, ಮತ್ತೆ ಹಾಕುವಾಗ ಬೇರೆ ತೂತಿಗೆ ಹಾಕಿದ್ದೀರಿ. ಪಟ್ಟಿಯಲ್ಲಿ ಒಂದೇ ಪ್ರಿಂಟರ್ ಎರಡು ಸಲ ಕಾಣುವುದೇ ಅದಕ್ಕೆ ಸಾಕ್ಷಿ.

ಇದು ಎಷ್ಟು ಸಣ್ಣ ವಿಷಯ ಎನಿಸುತ್ತದೆ ನೋಡಿ, ಆದರೆ ನನ್ನ ಕೆಲಸದಲ್ಲಿ ಅತಿ ಜಾಸ್ತಿ ಅಲೆದಾಡಿಸಿದ್ದು ಇದೇ. ಕೆಲವು ವರ್ಷದ ಹಿಂದೆ ಮಂಡಿಪೇಟೆಯ ಒಂದು ಅಂಗಡಿಗೆ ಇದಕ್ಕಾಗಿಯೇ ಮೂರು ಸಲ ಹೋಗಿದ್ದೆ. ಡ್ರೈವರ್, ಅಂದರೆ ಪ್ರಿಂಟರನ್ನು ನಡೆಸುವ ತಂತ್ರಾಂಶ, ಹೊಸದಾಗಿ ಹಾಕಿದೆ, ಕೇಬಲ್ ಬದಲಿಸಿದೆ. ಆ ಕ್ಷಣಕ್ಕೆ ಸರಿಹೋಗುತ್ತಿತ್ತು, ಎರಡು ದಿನಕ್ಕೆ ಮತ್ತೆ ಫೋನ್ ಬರುತ್ತಿತ್ತು. ಮೂರನೇ ಸಲ ಸುಮ್ನೆ ಒಂದು ಗಂಟೆ ಅಲ್ಲೇ ಕೂತೆ. ಲೆಕ್ಕ ಬರೆಯುವ ಹುಡುಗ ಪ್ರಿಂಟರ್ ಕೇಬಲ್ ಬಿಚ್ಚಿ, ಅದೇ ತೂತಿಗೆ ಮೊಬೈಲ್ ಚಾರ್ಜಿಗೆ ಹಾಕಿದ. ಬಿಲ್ ಬೇಕಾದಾಗ ಪ್ರಿಂಟರ್ ಕೇಬಲ್ಲನ್ನು ಪಕ್ಕದ ತೂತಿಗೆ ಚುಚ್ಚಿದ. ಪಟ್ಟಿ ತೆರೆದು ನೋಡಿದರೆ ಅದೇ ಪ್ರಿಂಟರ್ ಹೆಸರಿನ ಮುಂದೆ ‘ಕಾಪಿ 1’, ‘ಕಾಪಿ 2’, ‘ಕಾಪಿ 3’. ಕೆಲವು ಪ್ರಿಂಟರ್‌ಗಳು ಯುಎಸ್‌ಬಿಯಲ್ಲಿ ತಮ್ಮ ಸೀರಿಯಲ್ ನಂಬರ್ ಹೇಳುವುದಿಲ್ಲ. ಹಾಗಾಗಿ ತೂತು ಬದಲಾದರೆ ವಿಂಡೋಸ್ ಅದನ್ನು ಹೊಸ ಪ್ರಿಂಟರ್ ಎಂದೇ ತಿಳಿಯುತ್ತದೆ. ಹೊಸ ಹೆಸರು ಕೊಡುತ್ತದೆ, ಹೊಸ ಪೋರ್ಟ್ ಕೊಡುತ್ತದೆ. ನೀವು ಶೇರ್ ಮಾಡಿದ್ದು ಹಳೇ ಹೆಸರನ್ನು. ಆ ಹೆಸರಿಗೆ ಈಗ ಕೇಬಲ್ಲೇ ಇಲ್ಲ, ಅದಕ್ಕೇ ಆಫ್‌ಲೈನ್.

ನೋಡುವುದು ಹೀಗೆ. ಕೆಳಗಿನ ಕಂಪ್ಯೂಟರಿನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ‘ಪ್ರಿಂಟರ್ಸ್ ಅಂಡ್ ಸ್ಕ್ಯಾನರ್ಸ್’ ತೆರೆಯಿರಿ. ಎರಡು ಹೆಸರಿಗೂ ಒಂದೊಂದು ಟೆಸ್ಟ್ ಪೇಜ್ ಕೊಡಿ. ಯಾವುದರಿಂದ ಹಾಳೆ ಬಂತೋ ಅದು ಜೀವಂತ ಇರುವುದು. ಅದರ ‘ಪ್ರಿಂಟರ್ ಪ್ರಾಪರ್ಟೀಸ್’ ಒಳಗೆ ‘ಪೋರ್ಟ್ಸ್’ ಎಂಬಲ್ಲಿ ಯುಎಸ್‌ಬಿ 001 ಅಥವಾ 002 ಎಂದು ಟಿಕ್ ಇರುತ್ತದೆ. ಆ ನಂಬರ್ ಬರೆದಿಟ್ಟುಕೊಳ್ಳಿ. ಆಮೇಲೆ ಹಳೇ, ಶೇರ್ ಆಗಿರುವ ಹೆಸರಿನ ಪೋರ್ಟ್ಸ್ ತೆರೆದು ಅದೇ ನಂಬರಿಗೆ ಟಿಕ್ ಹಾಕಿ. ಮತ್ತೆ ಟೆಸ್ಟ್ ಪೇಜ್ ಕೊಡಿ. ಹಾಳೆ ಬಂದರೆ ‘ಕಾಪಿ’ ಎಂದಿರುವುದನ್ನು ತೆಗೆದುಹಾಕಿ. ಕೇಬಲ್ ಇರುವ ತೂತಿನ ಪಕ್ಕ ಒಂದು ಚುಕ್ಕೆ ಸ್ಟಿಕ್ಕರ್ ಅಂಟಿಸಿ, ಮುಂದಿನ ಆಯುಧ ಪೂಜೆಗೂ ಅದೇ ತೂತು ಸಿಗುತ್ತದೆ. ಪೂಜೆ ಖಂಡಿತ ಮಾಡಿ, ಕುಂಕುಮ ಮಾತ್ರ ಹೊರಗಿನ ಕವಚಕ್ಕೆ ಹಚ್ಚಿ, ಹಾಳೆ ಇಡುವ ಟ್ರೇಗೆ ಪುಡಿ ಬೀಳುವುದು ಬೇಡ.

ಪ್ರಿಂಟಿಗೆ ಕೊಟ್ಟ ಕೆಲಸಗಳ ಪಟ್ಟಿಯಲ್ಲಿ ಹಳೇದೊಂದು ‘ಡಿಲೀಟಿಂಗ್’ ಎಂದು ದಿನಗಟ್ಟಲೆ ಕೂತಿದ್ದರೂ ಅದರ ನಂತರ ಬಂದವೆಲ್ಲ ಸಾಲಾಗಿ ನಿಲ್ಲುತ್ತವೆ. ಆಗ ಸ್ಟಾರ್ಟ್‌ನಲ್ಲಿ ‘ಸರ್ವಿಸಸ್’ ಹುಡುಕಿ, ಅದರಲ್ಲಿ ಈ ಸಾಲನ್ನು ನೋಡಿಕೊಳ್ಳುವ ‘ಪ್ರಿಂಟ್ ಸ್ಪೂಲರ್’ ಹಿಡಿದು ‘ಸ್ಟಾಪ್’ ಕೊಡಿ. ಸಿ ಡ್ರೈವಿನ ವಿಂಡೋಸ್, ಅದರೊಳಗೆ ಸಿಸ್ಟಮ್32, ಅದರೊಳಗೆ ಸ್ಪೂಲ್, ಅದರೊಳಗೆ ಪ್ರಿಂಟರ್ಸ್ ಎಂಬ ಫೋಲ್ಡರ್. ತೆರೆದರೆ 00005 ಥರ ನಂಬರ್ ಇರುವ ಜೋಡಿ ಫೈಲ್ ಕಾಣುತ್ತವೆ, ಒಂದರ ಬಾಲ ಎಸ್‌ಪಿಎಲ್, ಇನ್ನೊಂದರದು ಎಸ್‌ಎಚ್‌ಡಿ. ಒಂದು ಪ್ರಿಂಟಿನ ಹಾಳೆ, ಇನ್ನೊಂದು ಅದರ ಚೀಟಿ ಎಂದುಕೊಳ್ಳಿ. ಒಳಗಿನ ಫೈಲ್‌ಗಳನ್ನಷ್ಟೇ ಅಳಿಸಿ, ಫೋಲ್ಡರ್ ಅಳಿಸಬೇಡಿ. ಸ್ಪೂಲರನ್ನು ಮತ್ತೆ ‘ಸ್ಟಾರ್ಟ್’ ಮಾಡಿ.

ಇಷ್ಟು ಪ್ರಿಂಟರಿನ ಬುಡದ ಕೆಲಸ. ಇದು ಸರಿಯಾಗದೆ ನೆಟ್‌ವರ್ಕಿಗೆ ಕೈ ಹಾಕಿದರೆ ಎಲ್ಲಿ ತಪ್ಪಿತು ಅಂತ ತಿಳಿಯುವುದೇ ಇಲ್ಲ. ನಿಮ್ಮ ಮನೆಯಲ್ಲಿ ಆಗಿರುವುದೂ ಅದೇ. ನಿಮ್ಮದು ಒಂದು ತೊಂದರೆ ಅಲ್ಲ, ನಾಲ್ಕು ಸಣ್ಣ ತೊಂದರೆ ಒಂದರ ಮೇಲೊಂದು ಕೂತಿವೆ. ಒಂದನ್ನು ಸರಿಮಾಡಿದರೆ ಆವತ್ತು ಪ್ರಿಂಟ್ ಬರುತ್ತದೆ, ಮಾರನೇ ದಿನ ಇನ್ನೊಂದು ಅಡ್ಡ ಬರುತ್ತದೆ.

ಎರಡನೆಯದು ಹೊಸ ಮೋಡೆಮ್. ಮೋಡೆಮ್ ಬದಲಾದಾಗ ಕೆಳಗಿನ ಕಂಪ್ಯೂಟರಿಗೆ ಅದು ಗೊತ್ತಿಲ್ಲದ ಊರು. ಗೊತ್ತಿಲ್ಲದ ನೆಟ್‌ವರ್ಕನ್ನು ವಿಂಡೋಸ್ ಸಾಮಾನ್ಯವಾಗಿ ‘ಪಬ್ಲಿಕ್’ ಎಂದು ಗುರುತು ಹಾಕಿಕೊಳ್ಳುತ್ತದೆ. ಅಂದರೆ ನಿಮ್ಮ ಮನೆಯ ವೈಫೈಯನ್ನೂ ಬಸ್ ಸ್ಟ್ಯಾಂಡಿನ ವೈಫೈ ಥರ ನೋಡುತ್ತದೆ, ಶೇರಿಂಗ್ ಬಾಗಿಲು ಮುಚ್ಚಿಕೊಳ್ಳುತ್ತದೆ. ಫೈರ್‌ವಾಲ್ ಆಫ್ ಮಾಡಿದಾಗ ಪ್ರಿಂಟ್ ಬಂದದ್ದು ಇದಕ್ಕೇ. ಬಾಗಿಲು ಮುಚ್ಚಿದೆ ಅಂತ ಹುಡುಗ ಗೋಡೆಯನ್ನೇ ಕೆಡವಿದ, ಬಾಗಿಲು ತೆಗೆದಿದ್ದರೆ ಸಾಕಿತ್ತು. ಸೆಟ್ಟಿಂಗ್ಸ್‌ನಲ್ಲಿ ‘ನೆಟ್‌ವರ್ಕ್ ಅಂಡ್ ಇಂಟರ್ನೆಟ್’ ತೆರೆದು, ಈಗಿನ ಸಂಪರ್ಕದ ಪ್ರಾಪರ್ಟೀಸ್‌ಗೆ ಹೋಗಿ ‘ಪ್ರೈವೇಟ್’ ಆರಿಸಿ. ಆಮೇಲೆ ‘ಅಡ್ವಾನ್ಸ್ಡ್ ಶೇರಿಂಗ್’ ಎಂಬಲ್ಲಿ, ಪ್ರೈವೇಟ್ ಕೆಳಗೆ, ನೆಟ್‌ವರ್ಕ್ ಡಿಸ್ಕವರಿ ಮತ್ತು ಫೈಲ್ ಅಂಡ್ ಪ್ರಿಂಟರ್ ಶೇರಿಂಗ್ ಎರಡೂ ಆನ್ ಇರಲಿ. ಮಗಳ ಲ್ಯಾಪ್‌ಟಾಪನ್ನೂ ಮನೆಯಲ್ಲಿ ಮಾತ್ರ ಪ್ರೈವೇಟ್ ಮಾಡಿ, ಕಾಲೇಜು, ಹಾಸ್ಟೆಲ್ ವೈಫೈಗೆ ಬೇಡ. ಯಾವುದಾದರೂ ಹಳೇ ವಿಡಿಯೋದಲ್ಲಿ ‘ಹೋಮ್‌ಗ್ರೂಪ್ ಮಾಡಿ’ ಎಂದಿದ್ದರೆ ಹುಡುಕಲು ಹೋಗಬೇಡಿ. ಅದನ್ನು 2018ರಲ್ಲೇ ವಿಂಡೋಸ್ 10ರಿಂದ ತೆಗೆದುಹಾಕಿದ್ದಾರೆ.

ಮೂರನೆಯದು ಎರಡು ರೂಟರ್. ನಿಮ್ಮ ಮನೆಯ ಮುಖ್ಯ ಗಂಟು ಇಲ್ಲಿದೆ, ಸ್ವಲ್ಪ ತಾಳ್ಮೆಯಿಂದ ಓದಿ.

ಎರಡೂ ಕಂಪ್ಯೂಟರಿನಲ್ಲಿ ‘ಕಮಾಂಡ್ ಪ್ರಾಂಪ್ಟ್’ ತೆರೆದು, ಐಪಿಕಾನ್ಫಿಗ್ (ipconfig) ಎಂದು ಇಂಗ್ಲಿಷಿನಲ್ಲಿ ಜಾಗ ಬಿಡದೆ ಟೈಪ್ ಮಾಡಿ ಎಂಟರ್ ಒತ್ತಿ. ‘ಐಪಿವಿ4 ಅಡ್ರೆಸ್’ ಎಂಬ ಸಾಲು ನೋಡಿ, ನೆಟ್‌ವರ್ಕಿನಲ್ಲಿ ಆ ಕಂಪ್ಯೂಟರಿನ ಮನೆ ನಂಬರ್ ಅದು. ಕೆಳಗಿನದು 192.168.1.5 ಥರ ಇದ್ದು, ಮೇಲಿನದು 192.168.0.102 ಥರ ಇದ್ದರೆ, ಚುಕ್ಕೆಗಳಿಂದ ಬೇರೆಯಾದ ಮೂರನೇ ಸಂಖ್ಯೆಯಲ್ಲೇ ವ್ಯತ್ಯಾಸ ಇದೆಯಲ್ಲ, ಅವು ಎರಡು ಬೇರೆ ಬೇರೆ ಓಣಿ ಎಂದು ಅರ್ಥ. ಹಳೇ ರೂಟರ್ ಮೇಲೆ ತನ್ನದೇ ಒಂದು ಓಣಿ ಕಟ್ಟಿಕೊಂಡು, ಅಲ್ಲಿ ತಾನೇ ಮನೆ ನಂಬರ್ ಹಂಚುತ್ತಿದೆ. ಮೇಲಿನ ಓಣಿಯಿಂದ ಕೆಳಗಿನ ಓಣಿಗೆ ನಂಬರ್ ಹಿಡಿದು ಹೋದರೆ ಮನೆ ಸಿಗುತ್ತದೆ. ಆದರೆ ಹೆಸರು ಕೂಗಿದರೆ ಕೇಳಿಸುವುದಿಲ್ಲ. ಅದಕ್ಕೇ ಮಗಳ ಲ್ಯಾಪ್‌ಟಾಪಿನಲ್ಲಿ ಹುಡುಕಿದರೆ ಪ್ರಿಂಟರ್ ಕಾಣದೆ, ಹುಡುಗ ನಂಬರ್ ಹಾಕಿ ಸೇರಿಸಬೇಕಾಯಿತು. ಲ್ಯಾಪ್‌ಟಾಪನ್ನು ಕೆಳಗೆ ತಂದಾಗ ಅದು ಮೋಡೆಮಿನ ವೈಫೈ ಹಿಡಿಯುತ್ತದೆ, ಮೇಲೆ ಒಯ್ದಾಗ ರೂಟರಿನದು. ‘ಒಮ್ಮೆ ಬರುತ್ತದೆ, ಒಮ್ಮೆ ಇಲ್ಲ’ ಎಂದು ನೀವು ಬರೆದದ್ದರಲ್ಲಿ ಇದರ ಪಾಲೂ ಇದೆ.

ಇನ್ನು ಕರೆಂಟಿನ ವಿಷಯ. ಮನೆ ನಂಬರ್ ಶಾಶ್ವತ ಅಲ್ಲ. ಮೋಡೆಮ್ ಅದನ್ನು ಸಾಧನಗಳಿಗೆ ಕೆಲವು ಕಾಲದ ಮಟ್ಟಿಗೆ ಕೊಟ್ಟಿರುತ್ತದೆ. ಕರೆಂಟ್ ಹೋದರೆ ಯಾರಿಗೆ ಯಾವುದು ಕೊಟ್ಟಿದ್ದೆ ಎಂಬ ಪಟ್ಟಿಯನ್ನು ಮನೆಬಳಕೆಯ ಎಷ್ಟೋ ಮೋಡೆಮ್‌ಗಳು ಮರೆತುಬಿಡುತ್ತವೆ. ಕರೆಂಟ್ ಬಂದ ಕೂಡಲೇ ಮೊಬೈಲ್, ಟಿವಿ ಓಡಿಬಂದು ನಂಬರ್ ತೆಗೆದುಕೊಳ್ಳುತ್ತವೆ. ಯಜಮಾನರು ನಿಧಾನವಾಗಿ ಬಂದು ಕಂಪ್ಯೂಟರ್ ಆನ್ ಮಾಡುವ ಹೊತ್ತಿಗೆ ಅದರ 5 ಬೇರೆಯವರ ಪಾಲಾಗಿರಬಹುದು, ಅದಕ್ಕೆ 8 ಸಿಗುತ್ತದೆ. ಲ್ಯಾಪ್‌ಟಾಪ್ ಮಾತ್ರ ಇನ್ನೂ 5ರ ಬಾಗಿಲನ್ನೇ ತಟ್ಟುತ್ತಾ ಇರುತ್ತದೆ. ಇದು ನಿಮ್ಮ ‘ಮಾರನೇ ದಿನ ಇಲ್ಲ’.

ಇದಕ್ಕೆ ಪಕ್ಕಾ ಪರಿಹಾರ ಎರಡು ಹೆಜ್ಜೆ. ಮೊದಲನೆಯದು, ಮೇಲಿನ ರೂಟರನ್ನು ‘ಆಕ್ಸೆಸ್ ಪಾಯಿಂಟ್’ ಮಾಡುವುದು, ಅಂದರೆ ಅದು ತನ್ನ ಓಣಿ ಕಟ್ಟದೆ ಮೋಡೆಮಿನ ಓಣಿಯನ್ನೇ ಮೇಲಕ್ಕೆ ಮುಟ್ಟಿಸುವಂತೆ ಮಾಡುವುದು. ಅದರ ಮೆನುವಿನಲ್ಲಿ ಆ ಹೆಸರಿನ ಮೋಡ್ ಇದ್ದರೆ ಆರಿಸಿದರೆ ಮುಗಿಯಿತು. ಇಲ್ಲದಿದ್ದರೆ ಕೈಯಿಂದ ಮಾಡಬಹುದು, ಆದರೆ ಅನುಕ್ರಮ ತಪ್ಪಬಾರದು. ಮೊದಲು ರೂಟರಿನ ಲ್ಯಾನ್ ವಿಳಾಸವನ್ನು, ಅಂದರೆ ಮನೆಯೊಳಗೆ ಅದರ ಸ್ವಂತ ನಂಬರನ್ನು, ಮೋಡೆಮಿನ ಓಣಿಯ ಖಾಲಿ ನಂಬರಿಗೆ ಬದಲಿಸಿ, ಉದಾಹರಣೆಗೆ 192.168.1.250. ಮೋಡೆಮ್ ಹಂಚುವ ನಂಬರುಗಳ ಸಾಲಿನಲ್ಲಿ ಅದು ಇರಬಾರದು. ಆಮೇಲೆ ಡಿಎಚ್‌ಸಿಪಿ, ಅಂದರೆ ನಂಬರ್ ಹಂಚುವ ಕೆಲಸ, ಆಫ್ ಮಾಡಿ. ಕೊನೆಗೆ ಕೆಳಗಿನಿಂದ ಬಂದ ಕೇಬಲ್ಲನ್ನು ವ್ಯಾನ್ ತೂತಿನಿಂದ ತೆಗೆದು ಲ್ಯಾನ್ ತೂತಿಗೆ ಹಾಕಿ. ಇಂಟರ್ನೆಟ್ ಒಳಬರುವ ವ್ಯಾನ್ ತೂತು ಸಾಮಾನ್ಯವಾಗಿ ಬೇರೆ ಬಣ್ಣದಲ್ಲಿ, ಸ್ವಲ್ಪ ಪ್ರತ್ಯೇಕವಾಗಿ ಇರುತ್ತದೆ. ವಿಳಾಸ ಬದಲಿಸದೆ ಡಿಎಚ್‌ಸಿಪಿ ಆಫ್ ಮಾಡಿದರೆ ರೂಟರಿನ ಪುಟ ಮತ್ತೆ ತೆರೆಯುವುದೇ ಕಷ್ಟ, ರೀಸೆಟ್ ಮಾಡಿ ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ಎರಡಕ್ಕೂ ವೈಫೈ ಹೆಸರು, ಪಾಸ್‌ವರ್ಡ್ ಒಂದೇ ಇಡಿ. ‘ಗೆಸ್ಟ್’ ವೈಫೈಗೆ ಮಾತ್ರ ಲ್ಯಾಪ್‌ಟಾಪ್ ಸೇರಿಸಬೇಡಿ, ಅದರಲ್ಲಿ ಒಂದು ಸಾಧನ ಇನ್ನೊಂದಕ್ಕೆ ಕಾಣದಂತೆ ತಡೆ ಇರುತ್ತದೆ.

ಎರಡನೆಯದು, ಮೋಡೆಮಿನ ಪುಟದಲ್ಲಿ ಕೆಳಗಿನ ಕಂಪ್ಯೂಟರಿಗೆ ನಂಬರ್ ಕಾದಿರಿಸುವುದು. ‘ಅಡ್ರೆಸ್ ರಿಸರ್ವೇಶನ್’ ಅಥವಾ ‘ಸ್ಟ್ಯಾಟಿಕ್ ಡಿಎಚ್‌ಸಿಪಿ’ ಎಂದಿರುತ್ತದೆ. ಕಂಪ್ಯೂಟರಿನ ಮ್ಯಾಕ್ ವಿಳಾಸ (ಅದರ ನೆಟ್‌ವರ್ಕ್ ಕಾರ್ಡಿನ ಗುರುತಿನ ಸಂಖ್ಯೆ) ಕೊಟ್ಟು, ಇದಕ್ಕೆ ಯಾವಾಗಲೂ ಇದೇ ನಂಬರ್ ಎಂದು ಉಳಿಸಿ. ಆಮೇಲೆ ಕರೆಂಟ್ ಹತ್ತು ಸಲ ಹೋಗಿ ಬಂದರೂ ನಂಬರ್ ಅದೇ.

ಕೆಲವರು ಇದನ್ನೆಲ್ಲ ಬಿಟ್ಟು ಕಂಪ್ಯೂಟರಿನಲ್ಲೇ ಒಂದು ನಂಬರ್ ಬರೆದುಬಿಡುತ್ತಾರೆ. ಕೆಲಸವೇನೋ ಆಗುತ್ತದೆ. ಆದರೆ ಮೋಡೆಮಿಗೆ ಅದು ತಿಳಿಯದೆ ಅದೇ ನಂಬರನ್ನು ಇನ್ನೊಬ್ಬರಿಗೆ ಕೊಟ್ಟರೆ ಇಬ್ಬರಿಗೂ ಜಗಳ ಹತ್ತುತ್ತದೆ. ನಾನು ಮೋಡೆಮಿನಲ್ಲೇ ಕಾದಿರಿಸುವುದನ್ನು ಹೇಳುತ್ತೇನೆ. ಮೋಡೆಮ್, ರೂಟರ್‌ಗಳಿಗೆ ಸಿಗುವ ಪುಟಾಣಿ 12 ವೋಲ್ಟ್ ಯುಪಿಎಸ್ ಹಾಕಿದರೆ ಇನ್ನೂ ಒಳ್ಳೆಯದು, ನಿಮ್ಮ ಅಡಾಪ್ಟರಿನ ಮೇಲೆ 12 ವೋಲ್ಟ್ ಎಂದೇ ಇದೆಯಾ ನೋಡಿಕೊಳ್ಳಿ. ಲೇಸರ್ ಪ್ರಿಂಟರನ್ನು ಮಾತ್ರ ಯಾವ ಕಾರಣಕ್ಕೂ ಯುಪಿಎಸ್ಸಿಗೆ ಚುಚ್ಚಬೇಡಿ. ಟೋನರ್ ಕರಗಿಸಲು ಅದರೊಳಗೆ ಹೀಟರ್ ಇದೆ, ಬಿಸಿಯಾಗುವಾಗ ಜೋರಾಗಿ ಕರೆಂಟ್ ಎಳೆಯುತ್ತದೆ.

ನಾಲ್ಕನೆಯದು ಪಾಸ್‌ವರ್ಡ್. ಪಿನ್ ಆ ಒಂದು ಕಂಪ್ಯೂಟರಿನ ಮುಂದೆ ಕೂತವರಿಗೆ ಮಾತ್ರ. ನೆಟ್‌ವರ್ಕಿನಿಂದ ಬರುವವರಿಗೆ ಅದು ನಡೆಯುವುದಿಲ್ಲ, ಖಾತೆಯ ನಿಜವಾದ ಪಾಸ್‌ವರ್ಡೇ ಬೇಕು. ಪಾಸ್‌ವರ್ಡ್ ಖಾಲಿ ಇರುವ ಖಾತೆಯನ್ನೂ ವಿಂಡೋಸ್ ನೆಟ್‌ವರ್ಕಿನಿಂದ ಒಳಗೆ ಬಿಡುವುದಿಲ್ಲ. ಯಜಮಾನರ ಪಾಸ್‌ವರ್ಡನ್ನು ಮಗಳ ಲ್ಯಾಪ್‌ಟಾಪಿನಲ್ಲಿ ಉಳಿಸುವ ಬದಲು, ಕೆಳಗಿನ ಕಂಪ್ಯೂಟರಿನಲ್ಲಿ ಪ್ರಿಂಟಿಗೆಂದೇ ಒಂದು ಸಾದಾ ಲೋಕಲ್ ಖಾತೆ ಮಾಡಿ, ಅಡ್ಮಿನ್ ಅಲ್ಲ. ಗಟ್ಟಿ ಪಾಸ್‌ವರ್ಡ್ ಕೊಡಿ. ಲ್ಯಾಪ್‌ಟಾಪ್ ಕೇಳಿದಾಗ ಮೊದಲು ಕಂಪ್ಯೂಟರಿನ ಹೆಸರು, ಒಂದು ಬ್ಯಾಕ್‌ಸ್ಲ್ಯಾಶ್, ಆಮೇಲೆ ಆ ಖಾತೆಯ ಹೆಸರು ಬರೆದು ಪಾಸ್‌ವರ್ಡ್ ಹಾಕಿ, ‘ನೆನಪಿಡು’ ಎಂಬುದಕ್ಕೆ ಟಿಕ್ ಕೊಡಿ. ‘ಪಾಸ್‌ವರ್ಡ್ ಪ್ರೊಟೆಕ್ಟೆಡ್ ಶೇರಿಂಗ್ ಆಫ್ ಮಾಡಿ, ಸುಲಭ’ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ವೈಫೈ ಪಾಸ್‌ವರ್ಡ್ ಗೊತ್ತಿರುವ ಎಲ್ಲರಿಗೂ ಆ ಬಾಗಿಲು ತೆರೆದಿಟ್ಟ ಹಾಗೆ.

11ಬಿ ಎರರ್ ಬಗ್ಗೆ ವಿಡಿಯೋಗಳು ಸಾಕಷ್ಟಿವೆ. ಜಾಸ್ತಿ ಜನ ಹೇಳುವುದು ರಿಜಿಸ್ಟ್ರಿಯಲ್ಲಿ, ಅಂದರೆ ವಿಂಡೋಸಿನ ಒಳ ಸೆಟ್ಟಿಂಗುಗಳ ಪಟ್ಟಿಯಲ್ಲಿ, ಒಂದು ಸಾಲು ಸೇರಿಸಿ ಸೊನ್ನೆ ಹಾಕಿ ಎಂದು. ಅದರ ಹಿನ್ನೆಲೆ ತಿಳಿದುಕೊಳ್ಳಿ. 2021ರಲ್ಲಿ ವಿಂಡೋಸಿನ ಪ್ರಿಂಟ್ ವ್ಯವಸ್ಥೆಯಲ್ಲಿ ಒಂದಾದ ಮೇಲೊಂದು ದೊಡ್ಡ ಭದ್ರತಾ ಲೋಪಗಳು ಸಿಕ್ಕವು, ಜುಲೈನಲ್ಲಿ ‘ಪ್ರಿಂಟ್‌ನೈಟ್‌ಮೇರ್’ ಎಂಬ ಹೆಸರು ಎಲ್ಲ ಕಡೆ ಓಡಾಡಿತು. ಆ ವರ್ಷದ ಸೆಪ್ಟೆಂಬರ್ ಅಪ್‌ಡೇಟಿನಿಂದ, ಪ್ರಿಂಟ್ ಕೊಡುವ ಮತ್ತು ಪಡೆಯುವ ಕಂಪ್ಯೂಟರುಗಳ ನಡುವಿನ ಮಾತಿಗೆ ಮೈಕ್ರೋಸಾಫ್ಟ್ ಬಿಗಿ ಭದ್ರತೆ ಕಡ್ಡಾಯ ಮಾಡಿತು. ಆ ಮಾತುಕತೆ ಹೊಂದದಿದ್ದರೆ ಬರುವುದೇ 11ಬಿ. ಆ ಸೊನ್ನೆ ಹಾಕಿದರೆ ಎರರ್ ಹೋಗುತ್ತದೆ, ಜೊತೆಗೆ ಭದ್ರತೆಯೂ ಹೋಗುತ್ತದೆ. ಲೆಕ್ಕ ಇಟ್ಟಿರುವ ಕಂಪ್ಯೂಟರಿಗೆ ನಾನು ಅದನ್ನು ಮಾಡುವುದಿಲ್ಲ.

ಮೊದಲು ಎರಡಕ್ಕೂ ಬಾಕಿ ಇರುವ ಅಪ್‌ಡೇಟ್ ಹಾಕಿ, ರೀಸ್ಟಾರ್ಟ್ ಮಾಡಿ. ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಹೋಗದಿದ್ದರೆ ಇನ್ನೊಂದು ದಾರಿ ಇದೆ, ನಾನೇ ಬೇಕಾದಷ್ಟು ಮನೆಗಳಲ್ಲಿ ಮಾಡಿದ್ದೇನೆ. ಲ್ಯಾಪ್‌ಟಾಪಿಗೆ ಪ್ರಿಂಟರಿನ ಡ್ರೈವರನ್ನು ಕಂಪನಿಯ ಜಾಲತಾಣದಿಂದಲೇ ಇಳಿಸಿ, ಅಡ್ಮಿನ್ ಖಾತೆಯಿಂದ ಹಾಕಿ. ಪ್ರಿಂಟರ್ ಸೇರಿಸುವಾಗ ‘ಲೋಕಲ್ ಪ್ರಿಂಟರ್’ ಆರಿಸಿ, ‘ಕ್ರಿಯೇಟ್ ಎ ನ್ಯೂ ಪೋರ್ಟ್’, ಅದರಲ್ಲಿ ‘ಲೋಕಲ್ ಪೋರ್ಟ್’. ಪೋರ್ಟಿನ ಹೆಸರು ಕೇಳಿದಾಗ ಎರಡು ಬ್ಯಾಕ್‌ಸ್ಲ್ಯಾಶ್, ಕೆಳಗಿನ ಕಂಪ್ಯೂಟರಿನ ಹೆಸರು, ಒಂದು ಬ್ಯಾಕ್‌ಸ್ಲ್ಯಾಶ್, ಪ್ರಿಂಟರಿನ ಶೇರ್ ಹೆಸರು. ಶೇರ್ ಹೆಸರಿನಲ್ಲಿ ಖಾಲಿ ಜಾಗ ಇಲ್ಲದಿದ್ದರೆ ಒಳ್ಳೆಯದು. ಭದ್ರತೆ ಹಾಗೇ ಉಳಿಯುತ್ತದೆ, ಪ್ರಿಂಟ್ ಬರುತ್ತದೆ.

ಇಷ್ಟೆಲ್ಲ ಮಾಡಿದರೂ ಒಂದು ಮಿತಿ ಉಳಿಯುತ್ತದೆ. ಕೆಳಗಿನ ಕಂಪ್ಯೂಟರ್ ಆನ್ ಇದ್ದರೆ ಮಾತ್ರ ಮೇಲಿನವರಿಗೆ ಪ್ರಿಂಟ್. ಪವರ್ ಸೆಟ್ಟಿಂಗಿನಲ್ಲಿ ‘ಸ್ಲೀಪ್’ ಅನ್ನು ‘ನೆವರ್’ ಮಾಡಿ, ಪರದೆ ಬೇಕಾದರೆ ಆರಲಿ.

ಹೊಸ ವೈಫೈ ಪ್ರಿಂಟರ್ ಬೇಡವೇ ಬೇಡ ಎನ್ನುವುದಿಲ್ಲ. ಯಜಮಾನರು ಊರಲ್ಲಿಲ್ಲದಾಗ ಮಗಳಿಗೆ ಲ್ಯಾಬ್ ರೆಕಾರ್ಡ್ ತೆಗೆಯಬೇಕು, ಎಲ್ಲರೂ ಮೊಬೈಲಿನಿಂದ ಪ್ರಿಂಟ್ ಕೊಡಬೇಕು ಎನ್ನುವುದಿದ್ದರೆ ಅದು ಒಳ್ಳೆಯದೇ. ಆದರೆ ಈ ಎರಡು ಓಣಿಯ ಗೊಂದಲ ಬಿಡಿಸದೆ ಅದನ್ನು ತಂದರೆ ಅದೂ ಕರೆಂಟ್ ಹೋಗಿ ಬಂದ ಮೇಲೆ ‘ಆಫ್‌ಲೈನ್’ ಆಗುತ್ತದೆ, ಅದಕ್ಕೂ ನಂಬರ್ ಕಾದಿರಿಸಲೇಬೇಕು. ಕಡಿಮೆ ಬೆಲೆಯ ಹಲವು ಮಾದರಿಗಳಿಗೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಗೊತ್ತು, 5ರದ್ದು ಕಾಣುವುದೇ ಇಲ್ಲ. ಇಂಕ್‌ಟ್ಯಾಂಕ್ ತಗೊಂಡರೆ ವಾರಕ್ಕೊಂದಾದರೂ ಬಣ್ಣದ ಹಾಳೆ ತೆಗೆಯುತ್ತಿರಿ. ಏಪ್ರಿಲ್, ಮೇ ತಿಂಗಳ ನಮ್ಮೂರ ಬಿಸಿಲಿಗೆ ಸುಮ್ನೆ ಬಿಟ್ಟರೆ ಹೆಡ್ಡಿನಲ್ಲಿ ಇಂಕು ಒಣಗುತ್ತದೆ. ತಿಂಗಳಿಗೊಮ್ಮೆ ಪ್ರಿಂಟ್ ತೆಗೆಯುವ ಮನೆಗೆ ಲೇಸರೇ ವಾಸಿ.

ಮೋಡೆಮಿನ ಹಿಂದಿರುವ ಯುಎಸ್‌ಬಿ ತೂತಿಗೇ ಪ್ರಿಂಟರ್ ಹಾಕಬಹುದಲ್ವಾ ಎಂದು ಎಷ್ಟೋ ಜನ ಕೇಳುತ್ತಾರೆ. ಹಳೇ ಲೇಸರ್‌ಗಳಲ್ಲಿ ಎಷ್ಟೋ ಪ್ರಿಂಟರ್‌ಗಳಿಗೆ ಸ್ವಂತ ತಲೆ ಕಡಿಮೆ, ಅಕ್ಷರ ಜೋಡಿಸುವ ಕೆಲಸವನ್ನೆಲ್ಲ ಕಂಪ್ಯೂಟರಿನ ಡ್ರೈವರೇ ಮಾಡಿಕೊಡಬೇಕು. ಅಂಥವು ಮೋಡೆಮಿಗೆ ಹಾಕಿದರೆ ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ. ಅದಕ್ಕೆ ದುಡ್ಡು ಹಾಕಬೇಡಿ.

ಇದೆಲ್ಲ ಸರಿಹೋಗುವ ತನಕ ಮಗಳು ಪಿಡಿಎಫ್ ಮಾಡಿ ಕೆಳಗಿನ ಕಂಪ್ಯೂಟರಿಗೆ ಮೇಲ್ ಕಳಿಸಲಿ, ಅಲ್ಲಿಂದ ತೆಗೆದುಕೊಡಿ. ಅವಸರಕ್ಕೆ ಝೆರಾಕ್ಸ್ ಅಂಗಡಿಗೆ ಹೋಗಬೇಕಾದರೆ ಆಧಾರ್, ಪಹಣಿ, ಬ್ಯಾಂಕ್ ಪಾಸ್‌ಬುಕ್ಕಿನ ಫೈಲನ್ನು ಅಲ್ಲಿನ ಕಂಪ್ಯೂಟರಿನಿಂದ ನಿಮ್ಮೆದುರೇ ಅಳಿಸಿಸಿ ಬನ್ನಿ, ರಿಸೈಕಲ್ ಬಿನ್ ಸಮೇತ.

ಭಾನುವಾರ ಬೆಳಿಗ್ಗೆ ಎರಡು ಗಂಟೆ ಬಿಡುವು ಮಾಡಿಕೊಳ್ಳಿ, ಮೈದುನನ ಮಗನನ್ನೂ ಕರೆಯಿರಿ, ರೂಟರ್ ಕೆಲಸ ಅವನ ಕೈಲಿ ಆಗುತ್ತದೆ. ಮೊದಲು ಯುಎಸ್‌ಬಿ ಪೋರ್ಟ್, ಆಮೇಲೆ ಪ್ರೈವೇಟ್, ಆಮೇಲೆ ರೂಟರ್ ಮತ್ತು ನಂಬರ್, ಕೊನೆಗೆ ಖಾತೆ. ಒಂದೊಂದಾದ ಮೇಲೂ ಕೆಳಗಿನಿಂದ ಒಂದು, ಮೇಲಿನಿಂದ ಒಂದು ಹಾಳೆ ತೆಗೆದು ನೋಡಿ. ಲ್ಯಾಪ್‌ಟಾಪಿನಲ್ಲಿ ಈಗಿರುವ ಹಳೇ ಪ್ರಿಂಟರ್ ಹೆಸರುಗಳನ್ನೆಲ್ಲ ತೆಗೆದು, ಒಂದನ್ನೇ ಹೊಸದಾಗಿ ಸೇರಿಸಿ. ಎಲ್ಲ ಮುಗಿದ ಮೇಲೆ ಮೋಡೆಮಿನ ಸ್ವಿಚ್ ಆಫ್ ಮಾಡಿ, ಐದು ನಿಮಿಷ ಬಿಟ್ಟು ಹಾಕಿ, ಮತ್ತೆ ಮೇಲಿನಿಂದ ಒಂದು ಹಾಳೆ ತೆಗೆಯಿರಿ. ಆಗಲೂ ಬರದಿದ್ದರೆ ಎರಡೂ ಕಂಪ್ಯೂಟರಿನ ಐಪಿವಿ4 ನಂಬರ್, ಪೋರ್ಟ್ಸ್‌ನಲ್ಲಿ ಟಿಕ್ ಇರುವ ಸಾಲು, ಎರರ್‌ನ ಪೂರ್ತಿ ಅಂಕಿ ಬರೆದು ಕಳಿಸಿ. ಪಾಸ್‌ವರ್ಡ್ ಮಾತ್ರ ಬರೆಯಬೇಡಿ, ನನಗೆ ಅದು ಬೇಕಾಗುವುದಿಲ್ಲ.